ಪೂಜೆಗೆ ನಿಂತ ಸೈಕಲ್

ತೊಗಲಿಗೆ ತಿಕ್ಕಿದ ಹರಳೆಣ್ಣೆಯ ವಾಸನೆ ಅದು. ಮೊನ್ನೆ ಒಳ್ಳೆಯ ಬಿಸಿಲಿತ್ತೆಂದು ಗೆಳೆಯನೊಂದಿಗೆ ಸೈಕಲ್ ತುಳಿಯುತ್ತ ಅಜ್ಜಂಪುರದವರೆಗೆ ಹೋಗಿದ್ದೆ. ಅಲ್ಲಿ ಒಂದು ಅಂಗಡಿಯ ಮುಂದೆ ಹಳೆಯ ವಿಲಾಯಿತಿ ಸೈಕಲ್‌ಗಳನ್ನು ಸಾಲಾಗಿ ನಿಲ್ಲಿಸಿದ್ದರು. ಗೆಳೆಯ ಒಂದೊಂದನ್ನೂ ಸವರಿ, ಹಿತ್ತಾಳೆಯ ಗಂಟೆ ಬಾರಿಸಿ ಮೆಚ್ಚುತ್ತಿದ್ದ. ಅಂಗಡಿಯವನು ಸೀಟುಗಳಿಗೆ ಎಣ್ಣೆ ತಿಕ್ಕುತ್ತಿದ್ದ. ನಾನು ಅಲ್ಲೇ ನಿಂತುಬಿಟ್ಟೆ...

ತರೀಕೆರೆಯಲ್ಲಿ ನಮ್ಮ ಪಕ್ಕದ ಮನೆಯ ಮೇಷ್ಟ್ರ ಬಳಿ ಅಂಥದೇ ಸೈಕಲ್ ಇತ್ತು. ನಮ್ಮ ಬೀದಿಗೆಲ್ಲ ಅದೊಂದೇ. ಆಯುಧಪೂಜೆಯ ಬೆಳಿಗ್ಗೆ ಅವರು ಅದನ್ನು ತೊಳೆದು, ಎಣ್ಣೆ ಹಚ್ಚಿ, ಜಗಲಿಯ ಮೇಲೆ ನಿಲ್ಲಿಸುತ್ತಿದ್ದರು. ಆ ವರ್ಷವೂ ಹಾಗೇ ಮಾಡಿದರು. ಎದುರು ಮನೆಯ ದರ್ಜಿ ಸಾಬರು ನೋಡಿ ನಕ್ಕರು.

"ಏನ್ ಮೇಷ್ಟ್ರೇ, ಅಕ್ಕೋರಿಗೂ ಹಿಂಗೇ ಎಣ್ಣೆ ತಿಕ್ತೀರೋ?"

"ನಂಗೆಲ್ಲಿ ಆ ಭಾಗ್ಯ ಸಾಬ್ರೇ! ಅದು ಹಿರೀ ಹೆಂಡ್ತಿ ಕಣ್ರೀ," ಎಂದರು ಮೇಷ್ಟ್ರ ಹೆಂಡತಿ, ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು.

ಮಂಗಳಾರತಿಯಾಯಿತು. ಪೂಜೆಯಾದ ಮೇಲೆ ಮರುದಿನದವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಊರಿನ ಗಾಡಿಗಳಿಗೂ ಅದೇ ನೇಮ.

ಸಾಂಬ್ರಾಣಿಯ ಹೊಗೆಯಿಂದಲೋ ಏನೋ, ಮಧ್ಯಾಹ್ನ ಮೇಷ್ಟ್ರ ಹೆಂಡತಿಗೆ ಉಬ್ಬಸ ಎದ್ದಿತು. ಅದು ಹಿಂದೆಯೂ ಬರುತ್ತಿತ್ತು, ಡಾಕ್ಟರು ಸೂಜಿ ಚುಚ್ಚಿದರೆ ಇಳಿಯುತ್ತಿತ್ತು. ಆದರೆ ಅಂದು ಡಾಕ್ಟರು ಆರು ಮೈಲಿ ಆಚೆಯ ಅಮೃತಾಪುರಕ್ಕೆ ಹೋಗಿದ್ದರು. ನಾನೂ ನನ್ನ ತಾಯಿಯೂ ಆಕೆಯ ಬೆನ್ನು ನೀವುತ್ತ ಕುಳಿತಿದ್ದೆವು. ತುಟಿ ನೀಲಿಯಾಗುತ್ತಿತ್ತು. ಮೇಷ್ಟ್ರು ಜಗಲಿಗೆ ಹೋಗಿ ಸೈಕಲ್ಲಿಗೆ ಕೈ ಚಾಚಿದರು.

"ಎತ್ಬೇಡ್ರಿ," ಎಂದರು ಆಕೆ ಒಳಗಿನಿಂದ. "ನಮ್ಮಣ್ಣ ಹಿಂಗೇ ಪೂಜೆ ಮಾಡಿದ್ ಗಾಡಿ ಎತ್ತಿ ಕೂಸು ಕಳ್ಕೊಂಡ. ನಮಗೂ ಮಗು ಐತೆ..."

ಸಾಬರು ಓಡಿ ಬಂದರು. "ನಮಗೆ ಕೊಡಿ ಮೇಷ್ಟ್ರೇ. ನಾವು ತುಳೀತೀವಿ. ಪಾಪ ಬಂದ್ರೆ ನಮಗೇ ಬರ್ಲಿ."

ಆಕೆ ಕೈಯಾಡಿಸಿ ಬೇಡವೆಂದರು. ಮೇಷ್ಟ್ರು ಆಕೆಯ ಮುಖ ನೋಡಿದರು, ಮಗಳ ಕಡೆ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಅಮೃತಾಪುರದ ದಾರಿ ಹಿಡಿದು ನಡೆದೇ ಹೊರಟರು.

ಅವರು ಡಾಕ್ಟರನ್ನು ಕರೆತರುವ ಹೊತ್ತಿಗೆ ಆಕೆ ಹೋಗಿಬಿಟ್ಟಿದ್ದರು. ಡಾಕ್ಟರು ಜಗಲಿಯ ಸೈಕಲ್ ನೋಡಿ, "ಇದಿತ್ತಲ್ರೀ!" ಎಂದರು.

ಮರುದಿನ ಸೂತಕ. ಪೂಜೆ ವಿಸರ್ಜಿಸುವವರೇ ಇರಲಿಲ್ಲ. ಮುಡಿಸಿದ ಸೇವಂತಿಗೆ ಹ್ಯಾಂಡಲಿನ ಮೇಲೇ ಒಣಗಿ, ಎಸಳೆಸಳಾಗಿ ಉದುರಿತು. ಮೇಷ್ಟ್ರು ಮತ್ತೆ ಅದನ್ನು ತುಳಿದದ್ದನ್ನು ನಾನು ಕಾಣಲಿಲ್ಲ. ಅವರನ್ನು ದಡ್ಡರೆಂದು ಬೀದಿಯವರು ಅಂದರು. ಆ ಮಾತು ಒಪ್ಪಲು ನನ್ನಿಂದ ಇಂದಿಗೂ ಆಗಿಲ್ಲ... ಬೇಡವೆಂದ ಆಕೆಯ ಕಣ್ಣನ್ನು ನಾನು ನೋಡಿದ್ದೆ.

ಮೇಷ್ಟ್ರು ಹೋದ ವರ್ಷ ಕಡೂರಿನಲ್ಲಿ ಮಗಳ ಮನೆಯಲ್ಲಿ ತೀರಿಕೊಂಡರು. ಸಾಬರೂ ನನ್ನ ತಾಯಿಯೂ ಅದಕ್ಕೂ ಮೊದಲೇ ಹೋಗಿದ್ದರು. ನಾನು ಮಾತಾಡಿಸಲು ಹೋದಾಗ ಆ ಮಗಳು ಕೇಳಿದಳು: "ನಮ್ಮಮ್ಮ ಯಾಕೆ ಸತ್ಲು ಅಂತ ಅಪ್ಪ ಒಂದಿನಾನೂ ಹೇಳ್ಲಿಲ್ಲ. ನೀವು ಅಲ್ಲೇ ಇದ್ರಂತೆ?"

"ಉಬ್ಬಸ ಇತ್ತಮ್ಮ," ಎಂದೆ.

ಅಜ್ಜಂಪುರದ ಆ ಅಂಗಡಿಯ ಮುಂದೆ ಗೆಳೆಯ ಹೊರಡೋಣವೆಂದು ಕರೆದ. ಅಂದು ಮೇಷ್ಟ್ರ ಮನೆಯೊಳಗಿದ್ದವರಲ್ಲಿ ಈಗ ಉಳಿದಿರುವವರು ನಾನು, ಆ ಮಗಳು. ಅವಳಿಗೆ ಏನೂ ನೆನಪಿಲ್ಲ.