ಗೂಬಕ್ಕ ಕಂಡ ಹಸಿರು

ಆಸ್ಪತ್ರೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಗೂಬಕ್ಕ ಅಂತಲೇ. ಅದು ಬೈಗುಳವಲ್ಲ, ಕೆಲಸವೇ ಹಾಗಿತ್ತು. ಹಾಡುಹಗಲಲ್ಲಿ ಬಾಗಿಲಿಗೆ ಕಪ್ಪು ಪರದೆ ಎಳೆದುಕೊಂಡು ಕತ್ತಲಲ್ಲಿ ಕೂತು ಮೈಕ್ರೋಸ್ಕೋಪಿಗೆ ಕಣ್ಣು ಕೊಡುವವಳು. "ನನ್ನ ನಿಜವಾದ ಹೆಸರು ಕೇಳಿದ್ರೆ ಈಗ ನಾನೇ ಯೋಚನೆ ಮಾಡ್ಬೇಕು" ಅಂತ ನಗುತ್ತಿದ್ದಳು. ಮದುವೆಯಾಗಲಿಲ್ಲ. ಅಪ್ಪ ಹೋದ ಮೇಲೆ ತಮ್ಮನನ್ನು ಓದಿಸಿದಳು, ಅವನು ಶೂ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗುವವರೆಗೂ ಬೆನ್ನಿಗೆ ನಿಂತಳು. ಅವನ ಹೆಂಡತಿಗೆ ಕೆಲಸ ಕಲಿಸಿ ತನ್ನ ಪಕ್ಕದ ಸ್ಟೂಲಿನಲ್ಲಿ ಕೂರಿಸಿಕೊಂಡಳು. ಇದನ್ನೆಲ್ಲ ಯಾರಾದರೂ ತ್ಯಾಗ ಗೀಗ ಅಂದರೆ ರೇಗುತ್ತಿದ್ದಳು. "ಹೊಟ್ಟೆ ಮೂರಿದ್ವು, ದುಡಿಯೋ ಕೈ ಒಂದೇ ಇತ್ತು. ಅದ್ರಲ್ಲಿ ತ್ಯಾಗ ಎಲ್ಲಿಂದ ಬಂತು?"

ಅವಳ ಕೆಲಸ ಇಷ್ಟು. ಜ್ವರದವರ ಮೂಗು, ಗಂಟಲಿನಿಂದ ತೆಗೆದದ್ದನ್ನು ಗಾಜಿನ ಸ್ಲೈಡಿಗೆ ಸವರಿ ಒಣಗಿಸಬೇಕು, ಮೇಲೆ ಪ್ರತಿಕಾಯದ ದ್ರವ ಒಂದು ತೊಟ್ಟು ಬಿಡಬೇಕು. ಪ್ರತಿಕಾಯ ಅಂದರೆ ನಮ್ಮ ಕಾರ್ಮಿಕ ಸಂಘದ ಮೆರವಣಿಗೆಗಳಿಗೆ ಮಫ್ತಿಯಲ್ಲಿ ಬರುತ್ತಿದ್ದ ಪೊಲೀಸಿನವನ ಹಾಗೆ. ಅಷ್ಟು ಜನರ ನಡುವೆ ತನಗೆ ಬೇಕಾದವನನ್ನೇ ಹುಡುಕಿ ಅಂಟಿಕೊಳ್ಳುತ್ತದೆ. ಫ್ಲೂ ವೈರಸ್ ಇದ್ದರೆ ಕಚ್ಚಿಕೊಂಡದ್ದು ತೊಳೆದರೂ ಬಿಡುವುದಿಲ್ಲ, ಇಲ್ಲದಿದ್ದರೆ ತೊಳೆದ ನೀರಿನ ಜೊತೆ ಹೋಗುತ್ತದೆ. ಅದರ ಬೆನ್ನಿಗೆ ಹೊಳೆಯುವ ಬಣ್ಣ ಕಟ್ಟಿರುತ್ತಾರೆ. ಕತ್ತಲ ಕೋಣೆಯಲ್ಲಿ ನೀಲಿ ಬೆಳಕು ಬಿಟ್ಟರೆ ವೈರಸ್ ಹೊಕ್ಕ ಜೀವಕೋಶಗಳು ಎಳೆ ಹಸಿರಾಗಿ ಉರಿಯುತ್ತವೆ. ಆದರೆ ಆ ಬಣ್ಣಕ್ಕೆ ಬೆಳಕೇ ಶತ್ರು. ಸ್ಲೈಡನ್ನು ಬಿಸಿಲಿಗೆ ಬಿಟ್ಟರೆ ಹಸಿರು ಸತ್ತು ಕಪ್ಪಾಗುತ್ತದೆ. ಅದಕ್ಕೇ ನೋಡಿದ ಕೂಡಲೇ ಟ್ರೇಯನ್ನು ಕಪ್ಪು ಡಬ್ಬಿಗಿಟ್ಟು ಮುಚ್ಚಳ ಹಾಕಿ ಫ್ರಿಜ್ಜಿಗೆ ಸೇರಿಸಬೇಕು.

ಆ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಮೊದಲು ಒಬ್ಬಳು ನೋಡಿ ತುಟಿ ಬಿಚ್ಚದೆ ಏಳುತ್ತಾಳೆ. ಆಮೇಲೆ ಇನ್ನೊಬ್ಬಳು ನೋಡುತ್ತಾಳೆ. ಕೊನೆಗೆ ಇಬ್ಬರೂ ಒಟ್ಟಿಗೆ ಬಾಯಿ ಬಿಟ್ಟು "ಹಸಿರು" ಅಥವಾ "ಇಲ್ಲ" ಅನ್ನಬೇಕು. ಒಬ್ಬರ ಮಾತಿಗೆ ಇನ್ನೊಬ್ಬರ ಕಣ್ಣು ವಾಲಬಾರದು ಅಂತ. ಇಷ್ಟು ವರ್ಷ ಗೂಬಕ್ಕ, ತಮ್ಮನ ಹೆಂಡತಿ, ಇಬ್ಬರ ಮಾತೂ ಒಂದೇ ಆಗಿತ್ತು.

ಆ ಸಲ ಬಂದ ಸ್ಲೈಡುಗಳು ಶೂ ಫ್ಯಾಕ್ಟರಿಯ ಹಾಸ್ಟೆಲಿನ ಹುಡುಗಿಯರವು. ಒಂದೊಂದು ಕೋಣೆಯಲ್ಲಿ ಕುರಿ ತುಂಬಿದ ಹಾಗೆ ಮಲಗುವವರು, ಸಾಲಾಗಿ ಜ್ವರ ಹಿಡಿದು ಬಿದ್ದಿದ್ದರು. ಫ್ಯಾಕ್ಟರಿಯವರು ಸೋಮಾರಿತನ ಅಂದರು. ನಾವು ಸಂಘದವರು ಗೇಟಿನ ಮುಂದೆ ಕೂತು ಗಂಟಲು ಹರಿದುಕೊಂಡ ಮೇಲೆ ಪರೀಕ್ಷೆಗೆ ಒಪ್ಪಿದರು. ಫ್ಲೂ ಅಂತ ಸಾಬೀತಾದರೆ ಹಾಸ್ಟೆಲ್ ಖಾಲಿ ಮಾಡಿಸಿ, ಜ್ವರದವರನ್ನು ಆಸ್ಪತ್ರೆಯಲ್ಲಿಟ್ಟು ನೋಡಿಕೊಳ್ಳಬೇಕು ಅಂತ ಮಾತಾಗಿತ್ತು.

ಮಧ್ಯಾಹ್ನ ಇಬ್ಬರೂ ನೋಡಿದರು.

"ಹಸಿರು!"

"ಅಬ್ಬಾ, ಗದ್ದೆ ಗದ್ದೆನೇ ಇದೆಯಲ್ಲ ಅತ್ತಿಗೆ" ಅಂದಳು ತಮ್ಮನ ಹೆಂಡತಿ.

ಡಾಕ್ಟರು ತಾವೇ ಒಂದು ಸಲ ನೋಡದೆ ಸಹಿ ಹಾಕುವವರಲ್ಲ. ಅವರು ಬರುವುದು ಮರುದಿನ ಬೆಳಿಗ್ಗೆ. ಗೂಬಕ್ಕ ಅವತ್ತು ಅಮ್ಮನ ಕೈಯ ಪ್ಲಾಸ್ಟರ್ ಬಿಚ್ಚಿಸಬೇಕಿತ್ತು. "ಟ್ರೇ ಒಳಗಿಡೇ, ನಾನು ಓಡ್ತೀನಿ" ಅಂದಳು.

"ನೀವು ಹೋಗಿ ಅತ್ತಿಗೆ, ಅದೇನು ನಂಗೆ ಹೊಸದಾ?"

ಬೆಳಿಗ್ಗೆ ಡಬ್ಬಿ ಫ್ರಿಜ್ಜಿನಲ್ಲೇ ಇತ್ತು, ಮುಚ್ಚಳವೂ ಸರಿಯಾಗಿತ್ತು. ಡಾಕ್ಟರು ಒಂದು ಸ್ಲೈಡ್ ನೋಡಿದರು, ಇನ್ನೊಂದು ನೋಡಿದರು.

"ಏನಮ್ಮಾ, ಎಲ್ಲಿದೆ ನಿನ್ನ ಹಸಿರು? ಕಗ್ಗತ್ತಲು!"

ಗೂಬಕ್ಕ ಬಗ್ಗಿ ನೋಡಿದಳು. ಏನೂ ಇಲ್ಲ. ತನ್ನ ಕಣ್ಣೇ ಕೈಕೊಟ್ಟಿತೇ ಅಂತ ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದಳು. "ನೀನೂ ನೋಡಿದ್ಯಲ್ಲೇ, ಹೇಳು" ಅಂದಳು.

ತಮ್ಮನ ಹೆಂಡತಿ ಗ್ಲೌಸಿನ ತುದಿ ಎಳೆಯುತ್ತಾ, "ನಂಗೆ ನಿನ್ನೇನೇ ಅನುಮಾನ ಇತ್ತು ಸಾರ್. ಅತ್ತಿಗೆ ಹಸಿರು ಅಂದ್ರು, ದೊಡ್ಡವರು ಅಂತ ನಾನೂ ಅಂದೆ" ಅಂದಳು.

ಗೂಬಕ್ಕನಿಗೆ ಅರ್ಥವಾಗಲೇ ಇಲ್ಲ. ಒಟ್ಟಿಗೆ ಅಂದ ಮಾತು ಹಿಂದೆ ಮುಂದೆ ಆಗುವುದು ಹೇಗೆ?

ಡಾಕ್ಟರು ಟ್ರೇಯ ಮೂಲೆಯಿಂದ ಕೊನೆಯ ಸ್ಲೈಡ್ ತೆಗೆದರು. ಪ್ರತಿ ಟ್ರೇಯಲ್ಲೂ ಒಂದು ಸಾಕ್ಷಿ ಸ್ಲೈಡ್ ಇರುತ್ತದೆ, ವೈರಸ್ ಇದೆ ಅಂತ ಮೊದಲೇ ಗೊತ್ತಿರುವುದು. ಏನೇ ಆಗಲಿ ಅದು ಹೊಳೆಯಲೇಬೇಕು. ಅದೂ ಕಪ್ಪಗಿತ್ತು.

"ಇದು ಕಪ್ಪಾಗೋಕೆ ಒಂದೇ ದಾರಿ" ಅಂದರು ಡಾಕ್ಟರು. "ಟ್ರೇಗೆ ಬಿಸಿಲು ತೋರಿಸಿದ್ದೀರಿ. ಯಾರದು?"

ಕೋಣೆಯ ಹೊರಗೆ ಪಡುವಣ ಕಿಟಕಿ. ಸಂಜೆಯವರೆಗೂ ಬಿಸಿಲು ಬಂದು ಬೀಳುವ ಕಟ್ಟೆ. ತಮ್ಮನ ಹೆಂಡತಿ ಟ್ರೇಯನ್ನು ಅಲ್ಲಿಟ್ಟು ಹುಡುಗಿಯರ ಸ್ಲೈಡುಗಳನ್ನು ಕೊಲ್ಲುವ ಗಡಿಬಿಡಿಯಲ್ಲಿ ಸಾಕ್ಷಿಯನ್ನು ಎತ್ತಿಡುವುದು ಮರೆತಿದ್ದಳು. ಕಲಿಸಿದವಳ ಮುಂದೆ ಸಿಕ್ಕಿಬಿದ್ದದ್ದು ಕಲಿತ ಪಾಠದಲ್ಲೇ.

"ಇವಳು ಸಾರ್" ಅಂದಳು ಗೂಬಕ್ಕ. "ನನ್ನ ತಮ್ಮನ ಹೆಂಡತಿ."

ಆ ಟ್ರೇ ಲೆಕ್ಕಕ್ಕಿಲ್ಲ, ಹೊಸದಾಗಿ ಸ್ಯಾಂಪಲ್ ತನ್ನಿ ಅಂದರು ಡಾಕ್ಟರು. ತರಲು ಹೋದವನು ಬರಿಗೈಯಲ್ಲಿ ಬಂದ. ಜ್ವರದ ಹುಡುಗಿಯರನ್ನೆಲ್ಲ ನಸುಕಿನಲ್ಲೇ ಬಸ್ಸಿಗೆ ತುಂಬಿ ಅವರವರ ಊರಿಗೆ ಅಟ್ಟಿದ್ದರು. ಬಸ್ಸಿಗೆ ಹತ್ತಿಸಲು ನಿಂತಿದ್ದವನು ಗೂಬಕ್ಕನ ತಮ್ಮ. ಸ್ಲೈಡು ಹಸಿರಾಗಿದ್ದದ್ದು ಡಾಕ್ಟರಿಗಿಂತ ಮೊದಲೇ ಹೆಂಡತಿಯಿಂದ ಅವನಿಗೆ ಗೊತ್ತಾಗಿತ್ತು. ಉಟ್ಟ ಬಟ್ಟೆಯಲ್ಲಿ, ಕಂಬಳಿ ಹೊದ್ದು, ಕೆಮ್ಮುತ್ತ ಹೋದರು ಆ ಮಕ್ಕಳು. ಯಾವ ಕಾಯಿಲೆ ಹೊತ್ತುಕೊಂಡು ಹೋಗುತ್ತಿದ್ದೇವೆ ಅಂತ ಅವರಿಗೆ ಯಾರೂ ಹೇಳಲಿಲ್ಲ.

ಸಂಜೆ ಗೂಬಕ್ಕನ ಮನೆಗೆ ತಮ್ಮ ಬಂದ. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತ.

"ಫ್ಯಾಕ್ಟರಿ ನಿಂತ್ರೆ ಮೊದಲು ತಲೆ ಹೋಗೋದು ನಂದೇ ಅಕ್ಕಾ. ಮನೆ ವಿಷಯ ಡಾಕ್ಟರ ಮುಂದೆ ಹೇಳಿ ಅವಳ ಮರ್ಯಾದೆ ಕಳೆದ್ಯಲ್ಲ!"

"ಜ್ವರ ಮನೇದಾಗಿರ್ಲಿಲ್ವಲ್ಲೋ."

"ಸ್ವಂತದೋರಿಗಿಂತ ಆ ಹುಡುಗೀರೇ ಹೆಚ್ಚಾದ್ರಾ ನಿಂಗೆ?"

"ಸ್ವಂತದೋರು ನನ್ನ ಕಣ್ಣಿಗೇ ಮಸಿ ಬಳಿದ್ರು. ಆ ಹುಡುಗೀರು ನಂಗೇನು ಮಾಡಿದ್ರು?"

ಅಮ್ಮ ಹೊಸದಾಗಿ ಬಿಚ್ಚಿದ ಕೈಯನ್ನು ನೀವಿಕೊಳ್ಳುತ್ತ ಕೂತಿದ್ದಳು. "ಹೋಗ್ಲಿ ಬಿಡೇ, ತಮ್ಮ ಅಲ್ವಾ" ಅಂದಳು. ಗೂಬಕ್ಕ ಎದ್ದು ಹೋಗಿ ಪಾತ್ರೆ ತೊಳೆದಳು.

ಹಾಸ್ಟೆಲಿನಲ್ಲಿ ಉಳಿದವರಿಗೂ ಜ್ವರ ಬಂತು. ಅದೇನು, ಬಸ್ಸು ಹತ್ತಿಸಿದರೆ ಹೋಗುವ ನೆಂಟನೇ? ಹೊಸ ಸ್ಲೈಡುಗಳು ಬಂದವು. ತಮ್ಮನ ಹೆಂಡತಿಯನ್ನು ಕೆಲಸದಿಂದ ತೆಗೆದಿರಲಿಲ್ಲ, ಎಚ್ಚರಿಕೆ ಕೊಟ್ಟು ಬಿಟ್ಟಿದ್ದರು. ಬೇರೆ ಜನ ಎಲ್ಲಿದ್ದರು? ಪರದೆ ಎಳೆದು ಇಬ್ಬರೂ ಮತ್ತೆ ಅದೇ ಕತ್ತಲಲ್ಲಿ ಕೂತರು. ಮೊದಲು ಗೂಬಕ್ಕ ನೋಡಿ ಎದ್ದಳು. ಆಮೇಲೆ ತಮ್ಮನ ಹೆಂಡತಿ ನೋಡಿದಳು. ತಲೆ ಎತ್ತಿ, ವಾಡಿಕೆಯ ಹಾಗೆ ಉಸಿರೆಳೆದು ಕಾದಳು.

"ಹಸಿರು" ಅಂದಳು. ಅವಳದೊಂದೇ ದನಿ.

ಗೂಬಕ್ಕ ಅಷ್ಟರಲ್ಲಿ ಟ್ರೇಯನ್ನು ಡಬ್ಬಿಗಿಟ್ಟು, ಮುಚ್ಚಳ ಒತ್ತಿ, ಕಂಕುಳಲ್ಲಿ ಅವುಚಿಕೊಂಡು ಡಾಕ್ಟರ ಕೋಣೆಯತ್ತ ಹೊರಟಾಗಿತ್ತು.