ಒಂದು ನೆರಿಗೆ ಕಡಿಮೆ

ನಮ್ಮ ಚೈನೀಸ್ ಹೋಟೆಲಿನಲ್ಲಿ ನೂಡಲ್ಸ್ ಬೇಯಿಸುವವಳು ನಾನು. ಪಕ್ಕದ ಗಾಜಿನ ಕೋಣೆಯಲ್ಲಿ ಕೂತು ಡಂಪ್ಲಿಂಗ್ ಮಡಿಸುವವಳು ನೆರಿಗಕ್ಕ. ಹೂರಣ ತುಂಬಿ ಹದಿನೆಂಟು ನೆರಿಗೆ ಹಿಡಿದು ಬಾಯಿ ಮುಚ್ಚಬೇಕು, ಇದು ಹೋಟೆಲಿನ ಕಟ್ಟುನಿಟ್ಟು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿದ್ದು ಆ ಬೆರಳುಗಳೇ.

ಅವಳಿಗೊಂದು ಕೆಟ್ಟ ಚಾಳಿ. ರಾತ್ರಿ ಹನ್ನೊಂದೂವರೆಗೆ, ಇನ್ನೇನು ಒಲೆ ಆರಿಸಬೇಕೆನ್ನುವಾಗ ಬಾಗಿಲು ತಳ್ಳಿಕೊಂಡು ಬರುತ್ತಾರಲ್ಲ, ಅಂಥವರ ತಟ್ಟೆಯಲ್ಲಿ ಒಂದು ಡಂಪ್ಲಿಂಗಿಗೆ ಬರೀ ಹಸಿಮೆಣಸಿನಕಾಯಿ ತುಂಬುತ್ತಿದ್ದಳು. ಗುರುತಿಗೆ ಅದಕ್ಕೆ ಹದಿನೇಳೇ ನೆರಿಗೆ. ಯಾರ ಬಾಯಿಗೆ ಬೀಳುತ್ತದೆಂದು ಇಬ್ಬರೂ ಗಾಜಿನ ಹಿಂದೆ ನಿಂತು ಕಾಯುತ್ತಿದ್ದೆವು. ಬೇಡವೆಂದು ನಾನೆಂದೂ ಹೇಳಲಿಲ್ಲ, ಸುಳ್ಳೇಕೆ? ಅಷ್ಟು ಹೊತ್ತು ಕಾಲುನೋವು ಮರೆಯುತ್ತಿತ್ತು.

ಆ ರಾತ್ರಿಯೂ ಹೊತ್ತು ಮೀರಿ ಒಬ್ಬರು ಹೆಂಗಸು ಮಗನೊಂದಿಗೆ ಬಂದು ಕೂತರು.

"ಮನೆ ಮಠ ಇಲ್ವೇನೇ ಇವ್ರಿಗೆ?" ಎಂದು ಗೊಣಗುತ್ತ ನೆರಿಗಕ್ಕ ಮೆಣಸಿನಕಾಯಿ ಹೆಚ್ಚಿದಳು.

ತಟ್ಟೆ ಮೇಜಿಗೆ ಹೋಗಿತ್ತು, ನಾವಿಬ್ಬರೂ ಗಾಜಿನ ಹಿಂದೆ ನಿಂತಿದ್ದೆವು. ಆಗ ನೆರಿಗಕ್ಕನ ಮಗಳು ತನ್ನ ಕೆಲಸ ಮುಗಿಸಿ ಓಡೋಡಿ ಬಂದು ಒಳಗೆ ಇಣುಕಿದಳು. "ಅಮ್ಮಾ, ನಾನು ಹೇಳ್ತಿದ್ದೆನಲ್ಲ, ಅವನೇ. ಜೊತೇಲಿರೋದು ಅವರಮ್ಮ. ಅವ್ರು ಹೂಂ ಅಂದ್ರೇನೇ ಮದುವೆ. ನಿನ್ನನ್ನ ನೋಡೋಕೇ ಬಂದಿದ್ದಾರೆ."

ನೆರಿಗಕ್ಕನ ಮುಖ ಹಿಟ್ಟಿಗಿಂತ ಬೆಳ್ಳಗಾಯಿತು. ತಟ್ಟೆ ವಾಪಸ್ ತರಲು ನಾನು ಓಡಿದೆ. ಅಷ್ಟರಲ್ಲಿ ಆ ತಾಯಿ ತಟ್ಟೆಯನ್ನು ಮೆಲ್ಲಗೆ ತಿರುಗಿಸಿ ನೋಡಿ, ಮಗನ ಕೈ ಸರಿಸಿ, ಸರಿಯಾಗಿ ಅದನ್ನೇ ಎತ್ತಿ ಬಾಯಿಗಿಟ್ಟರು. ಕಣ್ಣು ಕೆಂಪಾಯಿತು, ಮೂಗು ಸೋರಿತು, ತುಟಿ ಪಿಟಕ್ಕೆನ್ನಲಿಲ್ಲ. ನುಂಗಿ, ನೀರು ಕುಡಿದು, ನೆಟ್ಟಗೆ ಗಾಜಿನ ಕೋಣೆಗೆ ಬಂದರು.

"ಹದಿನೇಳು," ಎಂದರು. "ನಾನೂ ಹದಿನೈದು ವರ್ಷ ಮಡಿಸಿದೀನಿ. ನಾವು ಕರಿಮೆಣಸು ತುಂಬ್ತಿದ್ವಿ. ನನ್ನ ಮಗನಿಗೆ ಖಾರ ಆಗಲ್ಲ, ಅದಕ್ಕೇ ನಾನೇ ತಿಂದೆ."

ನೆರಿಗಕ್ಕ ತಲೆ ತಗ್ಗಿಸಿದಳು. "ತಪ್ಪಾಯ್ತು. ನನ್ನ ಮೇಲಿನ ಸಿಟ್ಟನ್ನ ಮಗಳ ಮೇಲೆ ತೀರಿಸ್ಕೋಬೇಡಿ."

"ಅವಳ ಮೇಲ್ಯಾಕೆ? ಸರೀರಿ ಆ ಕಡೆ."

ಕೈ ತೊಳೆದು, ನಮಗೆ ಬೆನ್ನು ಹಾಕಿ ಐದು ಮಡಿಸಿದರು. ನಾನೇ ಬೇಯಿಸಿಕೊಟ್ಟೆ.

"ಇದ್ರಲ್ಲಿ ಒಂದು ಆರಿಸಿ ತಿನ್ನಿ. ಆಮೇಲೆ ಮದುವೆ ಮಾತು."

ನೆರಿಗಕ್ಕ ಒಂದೊಂದನ್ನೇ ಎಣಿಸಿದಳು. ಎಲ್ಲಕ್ಕೂ ಹದಿನೆಂಟು. ಮತ್ತೆ ಎಣಿಸಿದಳು. ಕಡೆಗೆ ಕಣ್ಣು ಮುಚ್ಚಿ ಒಂದನ್ನು ಬಾಯಿಗೆ ಹಾಕಿಕೊಂಡಳು.

ಅತ್ತೆ ಸುರಿಸಿದ್ದು ಆನಂದಬಾಷ್ಪವೆಂದು ಅಳಿಯ ಇಂದಿಗೂ ನಂಬಿದ್ದಾನೆ. ಐದರಲ್ಲೂ ಮೆಣಸಿನಕಾಯಿಯೇ ಇತ್ತೆಂದು ನನಗೆ ಗೊತ್ತು. ಉಳಿದ ನಾಲ್ಕನ್ನು ಆ ಬೀಗಿತ್ತಿ ನನ್ನ ಮುಂದೆ ಸರಿಸಿ, "ನೀವೂ ಗಾಜಿನ ಹಿಂದೆ ನಿಂತಿದ್ರಲ್ಲ," ಎಂದಿದ್ದರು.