ಕೊಕ್ಕರೆ ಮರಿಯೂ ನಮ್ಮ ಮನೆಯ ರೇಡಿಯೋನೂ

“ಅಮ್ಮಾ, ಅತ್ತೆ ಇಲ್ಲಿ ಬಂದ್ರೆ ವಟವಟ ಅಂತಾರಲ್ಲ, ಕೊಕ್ಕರೆ ಮರಿ ಹತ್ರ ಯಾಕೆ ಮೂಗಿ ಥರ ಇರ್ತಾರೆ?” ಬಾಯಲ್ಲಿ ತುತ್ತಿಟ್ಟುಕೊಂಡೇ ಮಗಳು ಕೇಳಿದಳು.

ಅವಳ ಅತ್ತೆ ಎಂದರೆ ನನ್ನ ಗಂಡನ ಅಕ್ಕ, ಪಕ್ಷಿಗಳ ಅಧ್ಯಯನ ಮಾಡುವವರು. ಮನೆಯಲ್ಲಿ ನಾವಿಟ್ಟ ಹೆಸರು ರೇಡಿಯೋ. ಚಪ್ಪಲಿ ಬಿಡುವಷ್ಟರಲ್ಲಿ ಅರ್ಧ ಊರಿನ ಸುದ್ದಿ ಮುಗಿದಿರುತ್ತದೆ. ಇಂಥವರಿಗೆ ಬಾಯಿಗೆ ಬೀಗ ಹಾಕಿಕೊಳ್ಳುವ ಕೆಲಸ ಗಂಟುಬಿದ್ದಿತ್ತು. ಗೂಡಿದ್ದ ಮರ ಗಾಳಿಗೆ ವಾಲಿದಾಗ ಇಳಿಸಿ ತಂದ ಮೊಟ್ಟೆಯೊಂದು ಅವರ ಪಕ್ಷಿ ಕೇಂದ್ರದಲ್ಲಿ ಮರಿಯಾಗಿತ್ತು. ಅದು ಮನುಷ್ಯರಿಗೆ ಒಗ್ಗಿಬಿಟ್ಟರೆ ತನ್ನ ಹಿಂಡನ್ನು ಸೇರುವುದಿಲ್ಲ, ಕೊನೆಯತನಕ ಪಂಜರವೇ ಗತಿ. ಅದಕ್ಕೇ ಅತ್ತಿಗೆ ಅಡಿಯಿಂದ ಮುಡಿಯವರೆಗೆ ಬೂದು ಮುಸುಕು ಹೊದ್ದು, ಕೊಕ್ಕರೆಯ ತಲೆಯಂತೆ ಹೊಲಿದ ಕೈಗವಸಿನಿಂದ ಮೀನು ತಿನ್ನಿಸುತ್ತಿದ್ದರು.

ಎಡವಿದ್ದು ಸಂತೋಷದಲ್ಲಿ. ಮರಿ ಮೊದಲ ಸಲ ತಾನೇ ಮೀನು ಹಿಡಿದಾಗ, “ಭಲೇ ನನ್ನ ಬಂಗಾರ” ಎಂದುಬಿಟ್ಟರು. ಮರಿ ತಿರುಗಿ ನೋಡಿತು. ಆಮೇಲೆ ಅವರ ದನಿ ಎಲ್ಲಿ ಕೇಳಿದರೂ ಬೇಲಿಗೆ ಓಡಿಬರತೊಡಗಿತು.

“ಹಾಳು ನಾಲಿಗೆ ಕಣೇ. ಅದರ ಆಕಾಶಾನೇ ಕಿತ್ಕೊಂಡೆ,” ಎಂದು ನನ್ನ ಅಡುಗೆಮನೆಯಲ್ಲಿ ಕೂತು ಅತ್ತರು.

“ನಿನ್ನ ದನಿ ಕೇಳಿದ್ರೆ ನಾವು ಓಡಿಹೋಗ್ತೀವಿ. ಅದೊಂದಾದ್ರೂ ಹತ್ರ ಬಂತಲ್ಲಕ್ಕ,” ಎಂದರು ನನ್ನ ಗಂಡ. ಸೌಟು ತೋರಿಸಿ ಅವರನ್ನು ಹೊರಗೆ ಅಟ್ಟಿದೆ.

ಅತ್ತಿಗೆ ಹಟ ಹಿಡಿದರು. ಕೇಂದ್ರದ ಗೇಟು ದಾಟಿದರೆ ತುಟಿ ಬಿಚ್ಚಲಿಲ್ಲ, ಜೊತೆಯವರೊಂದಿಗೂ ಕೈಸನ್ನೆಯೇ. ಬೇಲಿಯನ್ನು ಕೆರೆಯಂಚಿಗೆ, ಕಾಡು ಕೊಕ್ಕರೆಗಳು ಮೇಯುವಲ್ಲಿಗೆ ಸರಿಸಿದರು. ಉಳಿಸಿಕೊಂಡ ಮಾತನ್ನೆಲ್ಲ ಸಂಜೆ ನಮ್ಮ ಮೇಲೆ ಸುರಿದರು. ಪಾಪ, ಕೇಳಿದೆವು.

ಇವತ್ತು ಬೇಲಿಯ ಬಾಗಿಲು ತೆರೆದರು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾನು ಜೊಂಡಿನ ಮರೆಯಲ್ಲಿ ನಿಂತಿದ್ದೆ. ಕೇಂದ್ರದ ಮುಖ್ಯಸ್ಥರು ಅತ್ತಿಗೆಗೆ, “ಒಂದ್ಸಲ ಕರೀರಿ. ಬಂದ್ರೆ ಬಿಡೋ ಹಾಗಿಲ್ಲ,” ಎಂದರು.

ಅತ್ತಿಗೆ ಮೆಲ್ಲಗೆ ಕರೆದು ಮೋಸ ಮಾಡಲಿಲ್ಲ; ಕೆರೆಯಾಚೆಗೂ ಕೇಳುವಂತೆ ಕರೆದರು, “ಬಾರೇ ನನ್ನ ಬಂಗಾರ.”

ಕೊಕ್ಕರೆ ಕತ್ತೆತ್ತಿತು. ಹಿಂಡು ಆಗಲೇ ಮೇಲೇಳುತ್ತಿತ್ತು. ಅದು ಒಂದೆರಡು ಹೆಜ್ಜೆ ಓಡಿ, ರೆಕ್ಕೆ ಬಿಚ್ಚಿ, ನಮ್ಮ ನೆತ್ತಿಯ ಮೇಲಿಂದಲೇ ಹಾರಿ ಹಿಂಡಿನ ಬಾಲಕ್ಕೆ ಸೇರಿಕೊಂಡಿತು. ಒಮ್ಮೆಯೂ ತಿರುಗಲಿಲ್ಲ.

“ಕಿವಿಗೇ ಹಾಕ್ಕೊಳ್ಳಲಿಲ್ಲ ನೋಡು, ಕಳ್ಳಿ,” ಎಂದು ಅತ್ತಿಗೆ ಕೆಸರಲ್ಲೇ ಕುಣಿದರು. ಮುಖ್ಯಸ್ಥರೂ ನಕ್ಕರು.

ಮನೆಗೆ ಬರುವ ದಾರಿಯಲ್ಲಿ ಅತ್ತಿಗೆ ಹೇಳಿದರು, ಇನ್ನೂ ಎರಡು ಮೊಟ್ಟೆಗಳನ್ನು ಇವರ ಕೈಗೇ ಒಪ್ಪಿಸುತ್ತಾರಂತೆ. ಆಮೇಲೆ ನನ್ನ ಕೈ ಹಿಡಿದು ದನಿ ತಗ್ಗಿಸಿದರು.

“ಮಗು ಮಲಗಿಸಿ ಸದ್ದಿಲ್ಲದೆ ಎದ್ದುಬರೋದು ನಿನಗೆ ಗೊತ್ತು. ಬೆಳಗಿನ ಹೊತ್ತು ಒಂದು ಮರಿಗೆ ನೀನು ತಿನ್ನಿಸಿಕೊಡ್ತೀಯೇನೇ?”